ಐಸಿಯುನಲ್ಲಿ ಆಕ್ಸಿಜನ್ 92 ಇದ್ದರೂ ಡಾಕ್ಟರು ಯಾಕೆ ಹೆಚ್ಚಿಸುವುದಿಲ್ಲ?

ಮಡಿಕೇರಿಯಲ್ಲಿ ನಿಮ್ಮ ತಾತ ನ್ಯುಮೋನಿಯಾದಿಂದ ವೆಂಟಿಲೇಟರ್ ಮೇಲಿದ್ದಾರೆ, ಮಾನಿಟರ್ ರಕ್ತದಲ್ಲಿನ ಆಕ್ಸಿಜನ್ ಮಟ್ಟ ಶೇ 92 ಎಂದು ತೋರಿಸುತ್ತಿದೆ, 'ಇನ್ನೊಂದಿಷ್ಟು ಆಕ್ಸಿಜನ್ ಬಿಟ್ಟರೆ ಡಾಕ್ಟರ ಗಂಟೇನು ಹೋಗುತ್ತೆ' ಎಂದು ಕೇಳಿದ್ದೀರಿ. ಕಾರಿಡಾರಿನಲ್ಲಿ ಕೂತವರಿಗೆ ಹಾಗನ್ನಿಸುವುದು ಸಹಜ.

ಆದರೆ ಆಕ್ಸಿಜನ್ನೂ ಒಂದು ಔಷಧಿಯೇ. ಅತಿಯಾದರೆ ಶ್ವಾಸಕೋಶದ ಗಾಳಿಚೀಲಗಳು ಕುಸಿಯಬಹುದು, ಅಲ್ಲಿನ ಜೀವಕೋಶಗಳಿಗೂ ಪೆಟ್ಟು. ಹಾಗಾದರೆ ಎಷ್ಟು ಸಾಕು? 2016ರಲ್ಲಿ ಇಟಲಿಯ ಮೊಡೆನಾದ ಒಂದೇ ಐಸಿಯುನಲ್ಲಿ 480 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. 94–98ರ ಗುರಿಯಿಟ್ಟವರಲ್ಲಿ ಐಸಿಯು ಸಾವು ಶೇ 11.6, ಹೆಚ್ಚು ಕೊಟ್ಟವರಲ್ಲಿ ಶೇ 20.2. ಎಲ್ಲರೂ ಹುಬ್ಬೇರಿಸಿದರು. ಆದರೆ ಅದು ಯೋಜಿಸಿದಷ್ಟು ರೋಗಿಗಳು ಸೇರುವ ಮೊದಲೇ ನಿಂತಿತ್ತು, ಹಾಗಾಗಿ ನನಗೆ ಅದರ ಮೇಲೆ ಪೂರ್ತಿ ಭರವಸೆಯಿಲ್ಲ.

ನಿಜವಾದ ತೂಕ 2025ರಲ್ಲಿ ಪ್ರಕಟವಾದ ಯುಕೆ-ರಾಕ್ಸ್ ಎಂಬ ಅಧ್ಯಯನದ್ದು. ಬ್ರಿಟನ್ನಿನಲ್ಲಿ ವೆಂಟಿಲೇಟರ್ ಮೇಲಿದ್ದ ಸುಮಾರು 16,500 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 90ರ ಆಸುಪಾಸಿನ ಗುರಿ, ಉಳಿದವರಿಗೆ ಎಂದಿನಂತೆ. 90 ದಿನಗಳೊಳಗಿನ ಸಾವು ಶೇ 35.4 ಮತ್ತು 34.9, ಅಂದರೆ ಹೆಚ್ಚುಕಡಿಮೆ ಒಂದೇ. ಕಡಿಮೆ ಕೊಟ್ಟರೆ ಜೀವ ಉಳಿಯುತ್ತದೆಂದೂ ಇಲ್ಲ, ಹೋಗುತ್ತದೆಂದೂ ಇಲ್ಲ.

ಒಂದು ಎಚ್ಚರಿಕೆ: ಈ ಅಂಕಿ ಅಳೆಯುವ ಬೆರಳಿನ ಕ್ಲಿಪ್ ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಸರಿಯಾದ ಅಳತೆಗೆ ಅಪಧಮನಿಯ ರಕ್ತ ತೆಗೆದು ನೋಡುತ್ತಾರೆ. 'ಆ ರಿಪೋರ್ಟ್ ಹೇಗಿದೆ, ಅವರಿಗೆ ಇಟ್ಟಿರುವ ಗುರಿ ಎಷ್ಟು' ಎಂದು ಡ್ಯೂಟಿ ಡಾಕ್ಟರನ್ನು ಕೇಳಿ. (ಮಡಿಕೇರಿಯ ಎತ್ತರ ಕಾರಣವೇ ಎಂದಿರಿ; ಅದರಿಂದ ಒಂದೆರಡು ಅಂಕ ಇಳಿದರೆ ಹೆಚ್ಚು.)