ಬೀರುವಿನ ಕೀಲಿ ಮತ್ತು ಮಕ್ಕಳ ಓದು

ಪ್ರಶ್ನೆ: ನನ್ನ ಮಗಳು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. ಶಾಲೆಯಲ್ಲಿ ಎರಡು ಬೀರು ತುಂಬ ಕಥೆಪುಸ್ತಕಗಳಿದ್ದರೂ ಬೀಗ ತೆಗೆಯುವುದು ಅಧಿಕಾರಿಗಳು ತಪಾಸಣೆಗೆ ಬಂದಾಗ ಮಾತ್ರ. ಕೇಳಿದರೆ ಮುಖ್ಯ ಶಿಕ್ಷಕರು ‘ಕಳೆದರೆ ಯಾರು ಹೊಣೆ?’ ಎನ್ನುತ್ತಾರೆ. ಓದುವ ಹಕ್ಕು ಮಕ್ಕಳಿಗೆ ಇಲ್ಲವೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅದು ವೃತ್ತಪತ್ರಿಕೆ, ನಿಯತಕಾಲಿಕೆ ಮತ್ತು ಎಲ್ಲ ವಿಷಯಗಳ ಪುಸ್ತಕಗಳನ್ನು ಒದಗಿಸಬೇಕು ಎನ್ನುತ್ತದೆ. ಅದರಲ್ಲಿ ಕಥೆಪುಸ್ತಕಗಳನ್ನು ಬೇರೆಯಾಗಿಯೇ ಹೆಸರಿಸಿದೆ. ಬೀಗ ಹಾಕಿದ ಬೀರು ‘ಒದಗಿಸುವುದಿಲ್ಲ’.

ಆದರೆ ಮುಖ್ಯ ಶಿಕ್ಷಕರ ಭಯವನ್ನು ತಳ್ಳಿಹಾಕುವಂತಿಲ್ಲ. ಬಹುತೇಕ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲ. ದಾಸ್ತಾನು ವಹಿಯಲ್ಲಿ ಬರೆದ ಪ್ರತಿಯೊಂದು ಪುಸ್ತಕಕ್ಕೂ ಪ್ರಭಾರ ವಹಿಸಿಕೊಂಡ ಶಿಕ್ಷಕರೇ ಲೆಕ್ಕ ಕೊಡಬೇಕಾಗುತ್ತದೆ. ಈ ಭಯಕ್ಕೆ ಉತ್ತರ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿದೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ 1,000 ಪುಸ್ತಕಗಳಿಗೆ 5 ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದೇ ಪರಿಗಣಿಸಬಹುದು. 1,000 ರೂಪಾಯಿಗೂ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕಗಳು ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಈ ನಿಯಮ ರಾಜ್ಯದ ಶಾಲೆಗಳನ್ನು ನೇರವಾಗಿ ಕಟ್ಟಿಹಾಕುವುದಿಲ್ಲವಾದರೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮುಂದಿಡಲು ಇದು ಒಳ್ಳೆಯ ಮಾದರಿ. ಲೆಕ್ಕ ಹಾಕಿ ನೋಡಿ: 400 ಪುಸ್ತಕಗಳು ವರ್ಷದಲ್ಲಿ ತಲಾ 5 ಬಾರಿ ಮಕ್ಕಳ ಕೈಸೇರಿದರೆ 2,000 ವಿತರಣೆ, ಅಂದರೆ 10 ಪುಸ್ತಕಗಳವರೆಗೆ ರಿಯಾಯಿತಿ. ಒಂದನ್ನೂ ಹೊರಗೆ ಕೊಡದವರಿಗೆ ರಿಯಾಯಿತಿಯೂ ಸೊನ್ನೆ, ಮುಚ್ಚಿಟ್ಟ ಬೀರುವಿನಲ್ಲಿ ಗೆದ್ದಲು ತಿಂದದ್ದಕ್ಕೆ ನಿರ್ಲಕ್ಷ್ಯವಲ್ಲದೆ ಬೇರೆ ಹೆಸರೂ ಇಲ್ಲ.

ಮಾಹಿತಿ ಹಕ್ಕಿನ ಅರ್ಜಿಯಿಂದ ಶುರುಮಾಡಬೇಡಿ. ಊರಿನ ಶಾಲೆಯೊಡನೆ ಮನಸ್ತಾಪ ಕಟ್ಟಿಕೊಂಡರೆ ಕಷ್ಟ ನಿಮ್ಮ ಮಗಳಿಗೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯ ಎತ್ತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನದ ಬಳಕೆಯನ್ನು ಗಮನಿಸುವುದೂ ಅದರ ಕೆಲಸ. ‘ವಾರಕ್ಕೊಂದು ಅವಧಿ ಬೀರು ತೆರೆದಿರತಕ್ಕದ್ದು, ಸಹಜ ನಷ್ಟಕ್ಕೆ ಶಿಕ್ಷಕರನ್ನು ಹೊಣೆಗಾರರನ್ನಾಗಿ ಮಾಡಬಾರದೆಂದು ಸಮಿತಿ ಶಿಫಾರಸು ಮಾಡುತ್ತದೆ’ ಎಂಬ ಎರಡು ಸಾಲಿನ ನಡಾವಳಿ ಬರೆಸಿದರೆ ಮುಖ್ಯ ಶಿಕ್ಷಕರಿಗೂ ಧೈರ್ಯ ಬರುತ್ತದೆ. ಅಷ್ಟರವರೆಗೆ ಮಗಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕಳುಹಿಸಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ನಾನೇ ಗ್ರಂಥಾಲಯದ ಉಸ್ತುವಾರಿ. ಪುಸ್ತಕ ಹಿಂತಿರುಗಿಸದ ಮಕ್ಕಳಿಗೆ ವರ್ಗಾವಣೆ ಪತ್ರ ಕೊಡದೆ ತಡೆಯಬಹುದೇ?
– ಒಬ್ಬ ಶಿಕ್ಷಕರು, ತುಮಕೂರು ಜಿಲ್ಲೆ

ಉತ್ತರ: ತಡೆಯುವಂತಿಲ್ಲ. ಎಂಟನೇ ತರಗತಿಯೊಳಗಿನ ಮಗು ಬೇರೆ ಶಾಲೆಗೆ ಹೋಗಲು ಕೇಳಿದ ಕೂಡಲೇ ವರ್ಗಾವಣೆ ಪತ್ರ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಪ್ರಕರಣ ಹೇಳುತ್ತದೆ. ವಿಳಂಬ ಮಾಡಿದ ಮುಖ್ಯ ಶಿಕ್ಷಕರು ಶಿಸ್ತು ಕ್ರಮ ಎದುರಿಸಬೇಕಾದೀತು. ಬದಲಿಗೆ, ವಿತರಣಾ ವಹಿಯನ್ನು ತರಗತಿಗೊಬ್ಬರಂತೆ ಮಕ್ಕಳ ಕೈಗೇ ಕೊಟ್ಟು ನೋಡಿ. ಯಾರ ಮನೆಯಲ್ಲಿ ಯಾವ ಪುಸ್ತಕವಿದೆಯೆಂಬುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.