ಹಲ್ಲು ಹುಳುಕಾಗಲು ನಿಜವಾಗಿ ಹುಳವೇ ಕಾರಣವಾ?

ಪ್ರಶ್ನೆ ಬದಿಯಡ್ಕದ ಒಬ್ಬ ತಾಯಿಯದು: ಐದು ವರ್ಷದ ಮಗಳು ಚಾಕಲೇಟ್ ತಿನ್ನುವುದೇ ಕಡಿಮೆ, ಆದರೂ ಹಲ್ಲು ಹುಳುಕು. ಹುಳ ಎಲ್ಲಿಂದ ಬಂತು?

ಹುಳ ಇಲ್ಲವೇ ಇಲ್ಲ. ಬಾಯಲ್ಲಿ ಯಾವಾಗಲೂ ಇರುವ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಅದು ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್ ಅನ್ನು ಕರಗಿಸುತ್ತದೆ. ಜೊಲ್ಲು ಆ ನಷ್ಟವನ್ನು ಸ್ವಲ್ಪ ಸ್ವಲ್ಪವೇ ತುಂಬುತ್ತದೆ, ಆದರೆ ಅದಕ್ಕೆ ಬಿಡುವು ಬೇಕು ಅಲ್ವಾ? ಗಂಟೆಗೊಮ್ಮೆ ಬಿಸ್ಕತ್ತು, ಸಕ್ಕರೆ ಹಾಕಿದ ಚಾ, ಹಲ್ಲಿಗೆ ಅಂಟುವ ಹಲ್ವ ಕೊಟ್ಟರೆ ಬಿಡುವೇ ಸಿಗದು. ಎಷ್ಟು ತಿಂದಳು ಎನ್ನುವಷ್ಟೇ, ಎಷ್ಟು ಸಲ ತಿಂದಳು ಎನ್ನುವುದೂ ಮುಖ್ಯ.

ನೀವೊಬ್ಬರೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನ 50 ಕೋಟಿಗೂ ಜಾಸ್ತಿ ಮಕ್ಕಳ ಹಾಲುಹಲ್ಲು ಹುಳುಕಾಗಿದೆ.

ನಮ್ಮ ಕಡೆ ಅಜ್ಜಿಯಂದಿರು ಉಮಿಕರಿಯಲ್ಲಿ (ಭತ್ತದ ಹೊಟ್ಟು ಸುಟ್ಟ ಕರಿ), ಮಾವಿನೆಲೆಯಲ್ಲಿ ಹಲ್ಲುಜ್ಜುತ್ತಿದ್ದರು. ಪ್ರೀತಿಯ ನೆನಪೇ, ಆದರೆ ಮಗುವಿಗೆ ಬೇಡ. ಉಮಿಕರಿ ಎನಾಮಲ್ ಅನ್ನು ಸವೆಸುತ್ತದೆ, ಎನಾಮಲ್ ಗಟ್ಟಿಮಾಡುವ ಫ್ಲೋರೈಡ್ ಎಂಬ ಖನಿಜ ಅದರಲ್ಲಿ ಇಲ್ಲ. ಫ್ಲೋರೈಡ್ ಇರುವ ಪೇಸ್ಟ್, ಬಟಾಣಿ ಕಾಳಿನಷ್ಟು, ದಿನಕ್ಕೆ ಎರಡು ಸಲ. ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ. ಉಜ್ಜುವಾಗ ನೀವೂ ಕೈಹಾಕಿ.

ಹೇಗೂ ಬೀಳುವ ಹಲ್ಲು ಎಂದು ಸುಮ್ನೆ ಬಿಡಬೇಡಿ. ಸೋಂಕು ಆಳಕ್ಕೆ ಇಳಿದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿಗೂ ತೊಂದರೆ. ಈ ವಾರವೇ ದಂತವೈದ್ಯರಿಗೆ ತೋರಿಸಿ.