ಕಚೇರಿಗೂ ಟ್ರ್ಯಾಕಿಗೂ ಒಂದೇ ಮಿಯಾಟಾ: ಮೊದಲು ಏನನ್ನು ಬದಲಾಯಿಸಬೇಕು?

ನಿಮ್ಮ ಬಳಿ 1999ರ ಮಾಜ್ದಾ ಮಿಯಾಟಾ (ತೆರೆದ ಛಾವಣಿಯ ಸಣ್ಣ ಕಾರು) ಇದೆ, ವಾರದ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಕಚೇರಿಗೆ ಅದರಲ್ಲೇ ಹೋಗಿಬರುತ್ತೀರಿ, ವರ್ಷಕ್ಕೆ ಕೆಲವು ಸಲ ಲಗೂನಾ ಸೆಕಾ ಮತ್ತು ಥಂಡರ್‌ಹಿಲ್ ಟ್ರ್ಯಾಕ್‌ಗಳಲ್ಲಿ ಓಡಿಸುವ ಆಸೆಯಿದೆ. ಕೂಡಿಟ್ಟ ಹಣದಲ್ಲಿ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಸಾಧನ) ಹಾಕಿಸಲೇ, ಇಲ್ಲವೇ ಬೇರೆ ಏನನ್ನಾದರೂ ಮೊದಲು ಮಾಡಿಸಲೇ ಎಂದು ಕೇಳಿದ್ದೀರಿ. ಇದೇ ಪೀಳಿಗೆಯ ಮಿಯಾಟಾವನ್ನು ಹಲವು ವರ್ಷಗಳಿಂದ ಇದೇ ಎರಡು ಕೆಲಸಗಳಿಗೆ ಬಳಸುತ್ತಿರುವ ನನ್ನ ಸಲಹೆ ಇಷ್ಟು: ಟರ್ಬೊ ಸದ್ಯಕ್ಕೆ ಬೇಡ. ಮೊದಲು ಬ್ರೇಕು, ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕೊಳವೆ) ಮತ್ತು ಕೂಲಿಂಗ್, ಅನಂತರ ಸಸ್ಪೆನ್ಷನ್ ಮತ್ತು ಟೈರು. ಇಂಜಿನ್ನಿನ ಶಕ್ತಿಯ ವಿಚಾರ ಇವೆಲ್ಲ ಮುಗಿದ ಮೇಲೆ. ಟ್ರೇಲರ್ ಮೇಲೆ ಹೇರಿಕೊಂಡು ಹೋಗುವ ಕಾರು ಟ್ರ್ಯಾಕಿನಲ್ಲಿ ಕೆಟ್ಟುನಿಂತರೆ ಆ ದಿನವಷ್ಟೇ ಹಾಳು, ನಿಮ್ಮ ಕಾರು ಕೆಟ್ಟರೆ ಥಂಡರ್‌ಹಿಲ್‌ನಿಂದ ಮನೆಗೆ ಸುಮಾರು ಮೂರು ಗಂಟೆಯ ದಾರಿಯೂ ಬಾಕಿ, ಸೋಮವಾರದ ಕಚೇರಿಯೂ ಬಾಕಿ. ಈ ಕಾರಿಗೆ ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಈ ಅಳತೆಯಲ್ಲೇ ತೂಗಬೇಕೆಂಬುದು ನನ್ನ ಅಭಿಪ್ರಾಯ.

ಬ್ರೇಕಿನಿಂದ ಆರಂಭಿಸುತ್ತೇನೆ. ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ ಡಿಸ್ಕ್ ಆರುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷಗಳ ಒಂದು ಸರದಿಯುದ್ದಕ್ಕೂ ಅದೇ ಡಿಸ್ಕು ಪೂರ್ತಿ ಆರುವ ಮುನ್ನವೇ ಮತ್ತೆ ಕಾಯುತ್ತದೆ. ಲಗೂನಾ ಸೆಕಾದ ಎರಡನೆಯ ತಿರುವಿಗೆ, ಅಂದರೆ ಆಂಡ್ರೆಟ್ಟಿ ಹೇರ್‌ಪಿನ್‌ಗೆ, ದಿಬ್ಬ ದಾಟಿ ಇಳಿಯುತ್ತಾ ಪೂರ್ತಿ ಬಲದಿಂದ ಬ್ರೇಕ್ ಒತ್ತುವಾಗ ಅದು ಕಾಲಿಗೇ ಅರಿವಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಅದೇ ಆಯಿಲ್‌ಗೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದಾಗ ಪೈಪಿನೊಳಗೆ ಆವಿಯ ಗುಳ್ಳೆಗಳು ಹುಟ್ಟುತ್ತವೆ, ದ್ರವ ಕುಗ್ಗುವುದಿಲ್ಲ ಆದರೆ ಆವಿ ಕುಗ್ಗುತ್ತದೆ, ಆದ್ದರಿಂದ ಪೆಡಲ್ ಯಾವ ತಡೆಯೂ ಇಲ್ಲದೆ ನೆಲ ಮುಟ್ಟುತ್ತದೆ. ಟ್ರ್ಯಾಕಿಗೆಂದೇ ತಯಾರಿಸಿದ ಆಯಿಲ್‌ಗಳು, ಉದಾಹರಣೆಗೆ ಹೊಸದಾಗಿರುವಾಗ 312 ಡಿಗ್ರಿಯವರೆಗೆ ತಡೆಯುವ ಮೋಟುಲ್ ಆರ್‌ಬಿಎಫ್ 600, ಒಂದು ಟೈರಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಪ್ರತಿಯೊಂದು ಟ್ರ್ಯಾಕ್ ದಿನಕ್ಕೆ ಮೊದಲು ನಾಲ್ಕೂ ಚಕ್ರಗಳಲ್ಲಿ ಹಳೆಯ ಆಯಿಲ್ ಹೊರತೆಗೆದು ಹೊಸದನ್ನು ತುಂಬಿಸಿ. ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ರಕ್ಷಣೆ ಕೊಡುವ ಬೇರೊಂದು ಬದಲಾವಣೆ ಈ ಕಾರಿಗೆ ಇಲ್ಲ.

ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರ್‌ಗಳು (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ನಿಮಗೆ ಬೇಕಿಲ್ಲ. ಕಾರು ಸುಮಾರು ಒಂದು ಟನ್ನಿಗಿಂತ ತುಸು ಹೆಚ್ಚು ತೂಗುವುದರಿಂದ ಕಂಪನಿಯ ಡಿಸ್ಕುಗಳೇ ಸಾಕು, ಬದಲಾಗಬೇಕಾದದ್ದು ಪ್ಯಾಡ್. ಟ್ರ್ಯಾಕ್ ಪ್ಯಾಡ್‌ಗಳು ಬಿಸಿಯಾದ ಮೇಲೆ ಚೆನ್ನಾಗಿ ಹಿಡಿಯುತ್ತವೆ, ಆದರೆ ತಣ್ಣಗಿರುವಾಗ ಕಿರುಗುಟ್ಟುತ್ತವೆ, ಡಿಸ್ಕನ್ನು ಸವೆಸುತ್ತವೆ, ಬೆಳಗಿನ ಮೊದಲ ಸಿಗ್ನಲ್‌ನಲ್ಲಿ ಹಿಡಿತ ಕಡಿಮೆ ಕೊಡುತ್ತವೆ. ಆದ್ದರಿಂದ ನಾನು ಎರಡು ಜೊತೆ ಪ್ಯಾಡ್‌ಗಳನ್ನು ಇಟ್ಟುಕೊಂಡು ಟ್ರ್ಯಾಕಿಗೆ ಹೊರಡುವ ಹಿಂದಿನ ಸಂಜೆ ಬದಲಾಯಿಸಿಕೊಳ್ಳುತ್ತೇನೆ. ಈ ಕಾರಿನ ಮುಂದಿನ ಪ್ಯಾಡ್‌ಗಳನ್ನು ಮನೆಯಲ್ಲೇ ಬದಲಾಯಿಸುವುದು ಕಷ್ಟವಲ್ಲ, ಕಲಿತುಕೊಳ್ಳಿ. ಇನ್ನೊಂದು ಅಭ್ಯಾಸವನ್ನೂ ಮೊದಲ ದಿನದಿಂದಲೇ ರೂಢಿಸಿಕೊಳ್ಳಿ: ಕೊನೆಯ ಲ್ಯಾಪನ್ನು ಬ್ರೇಕ್ ಬಳಸದೆ ನಿಧಾನವಾಗಿ ಮುಗಿಸಿ, ಪ್ಯಾಡಾಕ್‌ಗೆ (ಟ್ರ್ಯಾಕಿನ ಪಕ್ಕದ ಕಾರು ನಿಲ್ಲಿಸುವ ಜಾಗ) ಬಂದು ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡವಾಗಿ ಮರದ ತುಂಡು ಇಡಿ. ಮಿಯಾಟಾದ ಹ್ಯಾಂಡ್ ಬ್ರೇಕ್ ಹಿಂದಿನ ಡಿಸ್ಕನ್ನೇ ಹಿಡಿಯುತ್ತದೆ, ಕಾದ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಹಿಡಿದು ಕುಳಿತರೆ ಅಲ್ಲಿ ಪ್ಯಾಡಿನ ಪದರ ಅಂಟಿ, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಕಾರು ಅದುರುತ್ತದೆ.

ರೋಲ್ ಬಾರ್ ವಿಷಯವನ್ನು ತುಸು ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ರಸ್ತೆ ಮತ್ತು ಟ್ರ್ಯಾಕಿನ ಹಿತಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ. ನಿಮ್ಮದು ತೆರೆದ ಛಾವಣಿಯ ಕಾರು. ಕಾರು ಮಗುಚಿದರೆ ಮುಂಗಾಜಿನ ಚೌಕಟ್ಟು ಭಾರ ತಡೆದೀತೆಂದು ನಂಬುವಂತಿಲ್ಲ, ತೆಗೆದು ಹಾಕುವ ಹಾರ್ಡ್‌ಟಾಪ್ (ಗಟ್ಟಿ ಛಾವಣಿ) ಇದ್ದರೂ ಅದು ರೋಲ್ ಬಾರಿನ ಕೆಲಸ ಮಾಡದು. ಹೆಚ್ಚಿನ ಟ್ರ್ಯಾಕ್ ದಿನಗಳ ಆಯೋಜಕರು ಇಂಥ ಕಾರಿಗೆ ರೋಲ್ ಬಾರ್ ಇಲ್ಲದೆ ಪ್ರವೇಶ ಕೊಡುವುದಿಲ್ಲ. ಅವರ ಪರೀಕ್ಷೆ ಸರಳ: ನೀವು ಹೆಲ್ಮೆಟ್ ತೊಟ್ಟು, ಬೆಲ್ಟ್ ಬಿಗಿದು ಕುಳಿತಿರುವಾಗ, ರೋಲ್ ಬಾರಿನ ನೆತ್ತಿಯಿಂದ ಮುಂಗಾಜಿನ ಚೌಕಟ್ಟಿನ ನೆತ್ತಿಗೆ ಒಂದು ನೇರವಾದ ಪೊರಕೆ ಕೋಲನ್ನು ಅಡ್ಡ ಇಡುತ್ತಾರೆ. ಹೆಲ್ಮೆಟ್ ಆ ಕೋಲಿಗಿಂತ ಕೆಳಗಿರಬೇಕು, ಕೆಲವರು ಎರಡು ಇಂಚು ಕೆಳಗಿರಬೇಕೆಂದು ಕೇಳುತ್ತಾರೆ. ಆರಡಿ ಎತ್ತರದವರು ಈ ಕಾರಿನಲ್ಲಿ ಇಲ್ಲಿ ಸಿಕ್ಕಿಬೀಳುವುದುಂಟು. ಅಂಥವರು ಕಂಪನಿಯ ಸೀಟಿನ ಹೊದಿಕೆ ಬಿಚ್ಚಿ ಕೆಳಗಿನ ಫೋಮ್ ಸ್ವಲ್ಪ ಕತ್ತರಿಸಿ ಕೆಳಗೆ ಕೂರುತ್ತಾರೆ, ಅದಕ್ಕೂ ಆಗದಿದ್ದರೆ ಬೇರೆ ಸೀಟು ಹಾಕಿಸಬೇಕಾಗುತ್ತದೆ.

ಇಷ್ಟು ಟ್ರ್ಯಾಕಿನ ಮಾತು. ರಸ್ತೆಯಲ್ಲಿ ನೀವು ಹೆಲ್ಮೆಟ್ ಹಾಕುವುದಿಲ್ಲ, ಆಗ ಅದೇ ಉಕ್ಕಿನ ಕೊಳವೆ ನಿಮ್ಮ ಬರಿ ತಲೆಯ ಹಿಂದೆ ಇರುತ್ತದೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಸೀಟು ಹಿಂದಕ್ಕೆ ಬಾಗಿ ತಲೆ ಅದಕ್ಕೆ ಬಡಿಯಬಹುದು. ಆದ್ದರಿಂದ ತಲೆಯಿಂದ ಆದಷ್ಟು ದೂರವಿರುವಂತೆ ಹಿಂದಕ್ಕೆ ಸರಿದ ಬಾರನ್ನೇ ಆರಿಸಿಕೊಳ್ಳಿ, ತಲೆ ತಗುಲಬಹುದಾದ ಕಡೆಗಳಲ್ಲೆಲ್ಲ ರೇಸ್ ಸುರಕ್ಷತೆಯ ಎಸ್‌ಎಫ್‌ಐ 45.1 ಗುಣಮಟ್ಟದ ಗಟ್ಟಿ ಪ್ಯಾಡಿಂಗ್ ಹಾಕಿಸಿ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮ್ ಕೊಳವೆ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಮುಂದಕ್ಕೂ ಕೊಳವೆಗಳಿರುವ ಪೂರ್ತಿ ರೋಲ್ ಕೇಜ್ ಅನ್ನು, ಎಷ್ಟೇ ಚೆನ್ನಾಗಿ ಕಂಡರೂ, ದಿನನಿತ್ಯದ ಕಾರಿಗೆ ಹಾಕಿಸಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಕಂಪನಿಯ ಸೀಟ್ ಬೆಲ್ಟನ್ನು ಉಳಿಸಿಕೊಳ್ಳಿ. ರೇಸಿನ ಆರು ಪಟ್ಟಿಯ ಬೆಲ್ಟು ದೇಹವನ್ನು ಸೀಟಿಗೆ ಕಟ್ಟಿಹಾಕುವುದರಿಂದ ಅದರೊಂದಿಗೆ ಸರಿಯಾದ ಸೀಟು ಮತ್ತು ಕುತ್ತಿಗೆಗೆ ಆಸರೆ ಕೊಡುವ ಸಾಧನ ಎರಡೂ ಬೇಕು, ಒಂದನ್ನು ಕೊಂಡು ಉಳಿದವನ್ನು ಬಿಡುವಂತಿಲ್ಲ. ಹೆಲ್ಮೆಟ್ ಕೊಳ್ಳುವಾಗ, ಹೆಲ್ಮೆಟ್‌ಗಳನ್ನು ಪರೀಕ್ಷಿಸುವ ಸ್ನೆಲ್ ಸಂಸ್ಥೆಯ ಎಸ್‌ಎ ಗುರುತು ನೋಡಿ. ಬೈಕಿನ ಹೆಲ್ಮೆಟ್‌ಗೆ ಇಲ್ಲದ ಬೆಂಕಿ ತಡೆಯುವ ಪರೀಕ್ಷೆ ಮತ್ತು ರೋಲ್ ಬಾರಿಗೆ ಬಡಿಯುವ ಪರೀಕ್ಷೆ ಅದಕ್ಕೆ ಆಗಿರುತ್ತದೆ.

ಕೂಲಿಂಗ್ ವಿಷಯದಲ್ಲಿ ಈ ಇಂಜಿನ್ನಿಗೆ ಹುಟ್ಟಿನಿಂದ ಬಂದ ಒಂದು ಕೊರತೆಯಿದೆ. ಮೂಲತಃ ಇದು ಅಡ್ಡಡ್ಡಲಾಗಿ ಇಂಜಿನ್ ಕೂರಿಸಿದ ಮಾಜ್ದಾದ ಸಣ್ಣ ಕುಟುಂಬದ ಕಾರುಗಳ ಇಂಜಿನ್. ಅಲ್ಲಿ ನೀರು ಒಂದು ತುದಿಯಿಂದ ಒಳಹೊಕ್ಕು ಎಲ್ಲ ಸಿಲಿಂಡರ್‌ಗಳನ್ನೂ ದಾಟಿ ಇನ್ನೊಂದು ತುದಿಯಿಂದ ಹೊರಬರುತ್ತಿತ್ತು. ಮಿಯಾಟಾದಲ್ಲಿ ಇಂಜಿನ್ನನ್ನು ಉದ್ದಕ್ಕೆ ತಿರುಗಿಸಿದಾಗ ನೀರಿನ ಹೊರಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟನ್ನು ಮುಂಭಾಗಕ್ಕೆ ತಂದರು, ಹೀಗಾಗಿ ಹಿಂದಿನ ಸಿಲಿಂಡರ್‌ಗಳ ಬಳಿ ನೀರಿನ ಹರಿವು ಕಡಿಮೆ. ಮಾಂಟೆರೆಯ ಸಮುದ್ರದ ಗಾಳಿ ಬೀಸುವ ಲಗೂನಾ ಸೆಕಾದಲ್ಲಿ ಇದು ಗೊತ್ತೇ ಆಗದಿರಬಹುದು. ಆದರೆ ಥಂಡರ್‌ಹಿಲ್ ಇರುವುದು ಸ್ಯಾಕ್ರಮೆಂಟೊ ಕಣಿವೆಯ ವಿಲ್ಲೋಸ್ ಬಳಿ, ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರು. ಹೊರಹರಿವನ್ನು ಮತ್ತೆ ಹಿಂಭಾಗಕ್ಕೆ ಒಯ್ಯುವ ಕಿಟ್‌ಗಳು ಸಿಗುತ್ತವೆ, ಆದರೆ ಟರ್ಬೊ ಇಲ್ಲದ ಕಾರಿಗೆ ಅಷ್ಟು ದೂರ ಹೋಗಬೇಕಿಲ್ಲ. ನಾಳೆ ಬೆಳಿಗ್ಗೆಯೇ ಬಾನೆಟ್ ಎತ್ತಿ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿಯ ಬಣ್ಣ ನೋಡಿ. ಹೊಸದಿದ್ದಾಗ ಅದು ಕಡುಗಪ್ಪು, ಶಾಖಕ್ಕೆ ವರ್ಷಗಟ್ಟಲೆ ಬೆಂದ ಮೇಲೆ ಹಸಿರು ಬೆರೆತ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗೆ ತಿರುಗಿದ್ದರೆ ಪ್ಲಾಸ್ಟಿಕ್ ಪೆಡಸಾಗಿದೆ, ಬಿರುಕು ಬಿಡುವ ದಿನ ಹತ್ತಿರವಿದೆ ಎಂದರ್ಥ. ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿ, ರಬ್ಬರ್ ಹೋಸ್‌ಗಳನ್ನೆಲ್ಲ ಹೊಸದಾಗಿಸಿ, ಕಾರಿನ ಮೂತಿಯ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಇದೆಯೇ ನೋಡಿ. ಹಿಂದಿನ ಮಾಲೀಕರು ಅದನ್ನು ಕಿತ್ತೆಸೆದಿರುವುದು ಸಾಮಾನ್ಯ, ಅದಿಲ್ಲದಿದ್ದರೆ ಗಾಳಿ ರೇಡಿಯೇಟರನ್ನು ಹಾದುಹೋಗದೆ ಕೆಳಗಿನಿಂದ ಜಾರಿಹೋಗುತ್ತದೆ.

ಸಸ್ಪೆನ್ಷನ್ನಿನಲ್ಲಿ ಮೊದಲ ಖರ್ಚು ಹೊಸ ಸ್ಪ್ರಿಂಗ್‌ಗಳಿಗಲ್ಲ, ಹಳೆಯ ರಬ್ಬರಿಗೆ. ಕಾಲು ಶತಮಾನ ಕಳೆದ ಬುಷ್‌ಗಳು (ಕೀಲುಗಳಲ್ಲಿನ ರಬ್ಬರ್ ತುಂಡುಗಳು) ಬಿರಿದಿದ್ದರೆ ಎಷ್ಟು ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿದರೂ ಚಕ್ರ ತಾನು ನಿಲ್ಲಬೇಕಾದ ಕೋನದಲ್ಲಿ ನಿಲ್ಲುವುದಿಲ್ಲ. ಆಮೇಲೆ ಒಳ್ಳೆಯ ಶಾಕ್‌ಗಳು, ತುಸು ಬಿಗಿಯಾದ ಸ್ಪ್ರಿಂಗ್‌ಗಳು, ಮುಂದಕ್ಕೆ ದಪ್ಪನೆಯ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು, ರೋಲ್ ಬಾರ್ ಅಲ್ಲ). ಅಂದಕ್ಕಾಗಿ ಕಾರನ್ನು ತೀರಾ ಇಳಿಸಬೇಡಿ. ಈ ಕಾರಿನಲ್ಲಿ ಚಕ್ರ ಮೇಲಕ್ಕೆ ಚಲಿಸಲು ಇರುವ ಜಾಗವೇ ಕಡಿಮೆ, ಇಳಿಸಿದಷ್ಟೂ ಅದು ಬಂಪ್ ಸ್ಟಾಪ್ (ಚಲನೆಯ ಕೊನೆಯಲ್ಲಿರುವ ರಬ್ಬರ್ ತಡೆ) ಮೇಲೆ ಕೂತುಬಿಡುತ್ತದೆ, ಆಗ ತಿರುವಿನ ನಡುವೆ ಸಿಕ್ಕ ಒಂದು ಉಬ್ಬಿಗೇ ಹಿಡಿತ ತಪ್ಪುತ್ತದೆ. ಮುಂದಿನ ಚಕ್ರಗಳಿಗೆ ಎರಡು ಡಿಗ್ರಿಯಷ್ಟು ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಕೊಟ್ಟು, ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸೊನ್ನೆಯಲ್ಲಿಡಲು ಅಲೈನ್‌ಮೆಂಟ್ ಮಾಡುವವರಿಗೆ ಹೇಳಿ. ಕ್ಯಾಂಬರ್‌ನಿಂದ ದಿನನಿತ್ಯದ ಓಡಾಟದಲ್ಲಿ ಟೈರಿನ ಒಳಅಂಚು ನಿಧಾನವಾಗಿ ಸವೆಯುತ್ತದೆ, ಬೇಗ ತಿಂದುಹಾಕುವುದು ತಪ್ಪಾದ ಟೋ.

ಟೈರಿನ ವಿಷಯದಲ್ಲಿ ನನ್ನ ಮಾತಿಗೆ ಹಲವರು ಒಪ್ಪದಿರಬಹುದು. ಮೊದಲ ವರ್ಷ 200 ಟ್ರೆಡ್‌ವೇರ್‌ನ (ಸವೆತದ ಅಂಕಿ, ಕಡಿಮೆಯಿದ್ದಷ್ಟೂ ಬೇಗ ಸವೆಯುತ್ತದೆ) ಅಂಟು ಟೈರುಗಳನ್ನು ಕೊಳ್ಳಬೇಡಿ, ಸಾಧಾರಣವಾದ ಒಳ್ಳೆಯ ಬೇಸಿಗೆ ಟೈರಿನಲ್ಲೇ ಕಲಿಯಿರಿ. ಅವು ಹಿಡಿತ ಬಿಡುವ ಮುನ್ನ ಕೂಗಿ ಹೇಳುತ್ತವೆ, ಕಡಿಮೆ ವೇಗದಲ್ಲೇ ನಿಮ್ಮ ಕೈ ಕಾಲುಗಳ ತಪ್ಪನ್ನು ತೋರಿಸುತ್ತವೆ. ಅಂಟು ಟೈರು ಆ ತಪ್ಪುಗಳನ್ನು ಮುಚ್ಚಿ, ವೇಗ ಏರಿದ ಮೇಲೆ ಒಮ್ಮೆಲೇ ಕೈಬಿಡುತ್ತದೆ, ಚಳಿಗಾಲದ ಮಳೆಯಲ್ಲಿ ಹೈವೇ 101ರ ಮೇಲೆ ನಿಂತ ನೀರಿಗೂ ಅದು ಹೇಳಿಮಾಡಿಸಿದ್ದಲ್ಲ. ಈ ಕಾರಿಗೆ ಕಂಪನಿ ಹೇಳುವ ಗಾಳಿ 26 ಪಿಎಸ್‌ಐ, ಟ್ರ್ಯಾಕಿನಲ್ಲಿ ಟೈರು ಕಾದಂತೆ ಅದು ಏರುತ್ತದೆ, ಆದ್ದರಿಂದ ಪ್ರತಿ ಸರದಿ ಮುಗಿದ ಕೂಡಲೇ ಅಳೆದು ಬರೆದಿಟ್ಟುಕೊಳ್ಳಿ. ಜೊತೆಗೆ ಟಾರ್ಕ್ ರೆಂಚ್ ಹಿಡಿದು ವೀಲ್ ನಟ್‌ಗಳನ್ನೂ ನೋಡಿ, ಸುಮಾರು 110 ನ್ಯೂಟನ್ ಮೀಟರ್ ಬಿಗಿ ಇರಬೇಕು. ಮನೆಗೆ ಹೊರಡುವ ಮುನ್ನ ಮತ್ತೊಮ್ಮೆ ನೋಡಿ.

ಈಗ ಟರ್ಬೊ. ನಿಮ್ಮ ಇಂಜಿನ್ನಿನ 140 ಅಶ್ವಶಕ್ತಿ ಈ ತೂಕಕ್ಕೆ ಕಲಿಯಲು ಧಾರಾಳ. ಟರ್ಬೊ ಬಂದರೆ ಮೇಲೆ ಹೇಳಿದ ನೀರಿನ ಸಮಸ್ಯೆ ಉಲ್ಬಣಿಸುತ್ತದೆ, ಕಂಪನಿಯ ಐದು ಗೇರಿನ ಗೇರ್‌ಬಾಕ್ಸ್ ಹೆಚ್ಚಿನ ಟಾರ್ಕಿಗೆ ಮುರಿಯುವುದೂ ಎಲ್ಲರಿಗೂ ತಿಳಿದದ್ದೇ. ಕಾನೂನಿನ ತೊಡಕು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆಯಾಗುತ್ತದೆ, 2000ಕ್ಕಿಂತ ಹಳೆಯ ಕಾರಾದ್ದರಿಂದ ನಿಮ್ಮದನ್ನು ರೋಲರ್ ಮೇಲೆ ಓಡಿಸಿ ಹೊಗೆ ಅಳೆಯುವುದಲ್ಲದೆ ಬಾನೆಟ್ ತೆರೆದು ಕಣ್ಣಿನಿಂದಲೂ ನೋಡುತ್ತಾರೆ. ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇಲ್ಲದ ಟರ್ಬೊ ಕಂಡರೆ ಹೊಗೆ ಶುದ್ಧವಾಗಿದ್ದರೂ ಕಾರು ಅನುತ್ತೀರ್ಣ. ಸೈಲೆನ್ಸರ್ ಬದಲಾಯಿಸುವ ಆಸೆಯಿದ್ದರೂ ಯೋಚಿಸಿ: ರಾಜ್ಯದ ರಸ್ತೆಗಳಲ್ಲಿ ಇಂಥ ಕಾರಿಗೆ 95 ಡೆಸಿಬೆಲ್ ಮಿತಿ, ಲಗೂನಾ ಸೆಕಾದಲ್ಲಿ ಸುತ್ತಲಿನ ನಿವಾಸಿಗಳಿಗಾಗಿ ಹೆಚ್ಚಿನ ದಿನಗಳಲ್ಲಿ ಅದಕ್ಕಿಂತ ಕಟ್ಟುನಿಟ್ಟಾದ ಮಿತಿ ಇರುತ್ತದೆ, ಮೀರಿದರೆ ಕಪ್ಪು ಬಾವುಟ ತೋರಿಸಿ ಹೊರಕ್ಕೆ ಕರೆಯುತ್ತಾರೆ.

ನಿಮ್ಮ ವಿಮಾ ಪತ್ರವನ್ನೂ ಒಮ್ಮೆ ಪೂರ್ತಿ ಓದಿ. ರೇಸ್ ಟ್ರ್ಯಾಕಿನಲ್ಲಿ ಆದ ಹಾನಿಯನ್ನು ಸಾಮಾನ್ಯ ಪಾಲಿಸಿಗಳು ಹೊರಗಿಡುತ್ತವೆ, ಒಂದು ದಿನಕ್ಕೆ ಮಾತ್ರ ಕೊಳ್ಳಬಹುದಾದ ಟ್ರ್ಯಾಕ್ ವಿಮೆ ಬೇರೆಯೇ ಇದೆ. ಉಳಿದ ಹಣದಲ್ಲಿ ಮೊದಲ ಎರಡು ಮೂರು ದಿನಗಳಿಗೆ ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಬೋಧಕರನ್ನು ಕೊಡುವ ಆಯೋಜಕರನ್ನೇ ಆರಿಸಿಕೊಳ್ಳಿ. ನಿಮ್ಮ ಎತ್ತರ ಎಷ್ಟು, ಕಾರಿಗೆ ಹಾರ್ಡ್‌ಟಾಪ್ ಇದೆಯೇ, ರೇಡಿಯೇಟರ್ ತೊಟ್ಟಿ ಯಾವ ಬಣ್ಣದಲ್ಲಿದೆ ಎಂಬುದನ್ನು ಇಲ್ಲಿ ತಿಳಿಸಿದರೆ, ಯಾವ ಬಗೆಯ ರೋಲ್ ಬಾರ್ ಹೊಂದುತ್ತದೆ, ಮೊದಲ ಟ್ರ್ಯಾಕ್ ದಿನಕ್ಕೆ ಮುನ್ನ ಯಾವ ಕೆಲಸ ಮುಗಿಯಲೇಬೇಕು ಎಂಬುದನ್ನು ಇನ್ನಷ್ಟು ಖಚಿತವಾಗಿ ಬರೆಯುತ್ತೇನೆ.